ದುಡಿಯುವ ಮೈ ಮತ್ತು ಜಾನಪದ: ಶ್ರಮವಿಜ್ಞಾನದ ಸಂಶೋಧನ ಕ್ಷೇತ್ರಗಳ ಒಂದು ವಿಮರ್ಶೆ

೧. ಪೀಠಿಕೆ

ಕನ್ನಡ ಜಾನಪದ ಅಧ್ಯಯನ ಆರಂಭದಿಂದಲೂ ದುಡಿಮೆಯ ಸುತ್ತಲೇ ಬೆಳೆದುಬಂದಿದೆ. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಕನ್ನಡದ ಓದುಗರಿಗೆ ಪರಿಚಯವಾದದ್ದು ಬಹುಮಟ್ಟಿಗೆ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣಿನ ದನಿ. ಆ ಮೇಲೆ ಬಂದ ಸಂಗ್ರಹಗಳಲ್ಲಿ ಬೀಸುವ ಪದ, ಕುಟ್ಟುವ ಪದ, ನಾಟಿಯ ಪದ, ಕಳೆ ಕೀಳುವ ಪದ, ಸುಗ್ಗಿಯ ಪದ ಎಂಬ ವರ್ಗೀಕರಣ ನೆಲೆಗೊಂಡಿತು. ಮುಂದೆ ವಸ್ತುಸಂಸ್ಕೃತಿಯ ಅಧ್ಯಯನ ಬೆಳೆದಂತೆ ನೇಗಿಲು, ಕೂರಿಗೆ, ಒನಕೆ, ಮಗ್ಗ ಮೊದಲಾದ ಉಪಕರಣಗಳೂ ವಸ್ತುಸಂಗ್ರಹಾಲಯಗಳನ್ನು ಸೇರಿದವು. ರಿಚರ್ಡ್ ಡಾರ್ಸನ್ ೧೯೭೨ರಲ್ಲಿ ಸಂಪಾದಿಸಿದ ಗ್ರಂಥದಲ್ಲಿ ಮಂಡಿಸಿದ ಚತುರ್ವಿಧ ವಿಭಜನೆಯನ್ನು, ಅಂದರೆ ಮೌಖಿಕ ಸಾಹಿತ್ಯ, ವಸ್ತುಸಂಸ್ಕೃತಿ, ಸಾಮಾಜಿಕ ಆಚರಣೆ ಮತ್ತು ಪ್ರದರ್ಶನ ಕಲೆ ಎಂಬ ವಿಂಗಡಣೆಯನ್ನು, ನಮ್ಮ ಪಠ್ಯಗಳೂ ಒಪ್ಪಿಕೊಂಡವು.

ಈ ವಿಂಗಡಣೆಯಿಂದ ಅನುಕೂಲವಾದಂತೆಯೇ ಒಂದು ನಷ್ಟವೂ ಆಯಿತು. ಹಾಡು ಒಂದು ಕಪಾಟಿಗೆ ಹೋಯಿತು, ಕಲ್ಲು ಇನ್ನೊಂದು ಕೋಣೆಗೆ ಹೋಯಿತು. ಹಾಡುತ್ತ ಕಲ್ಲನ್ನು ತಿರುಗಿಸಿದ ತೋಳು, ಬೆನ್ನು, ಸೊಂಟ ಯಾವ ವಿಭಾಗಕ್ಕೂ ಸೇರದೆ ಉಳಿದವು. ಅದೇ ಹೊತ್ತಿಗೆ ಬೇರೊಂದು ಶಾಸ್ತ್ರ ಆ ತೋಳು, ಬೆನ್ನು, ಸೊಂಟಗಳನ್ನೇ ಅಳೆಯುತ್ತ ಬಂದಿತ್ತು. ಅದೇ ಎರ್ಗಾನಾಮಿಕ್ಸ್, ಅಮೆರಿಕದಲ್ಲಿ ಅದಕ್ಕೆ ‘ಮಾನವ ಅಂಶಗಳ ಅಧ್ಯಯನ’ ಎಂಬ ಅರ್ಥದ ಹೆಸರೂ ಬಳಕೆಯಲ್ಲಿದೆ. ಪ್ರಸ್ತುತ ಲೇಖನದಲ್ಲಿ ಈ ಶಾಸ್ತ್ರದ ಮೂರು ಪ್ರಮುಖ ಸಂಶೋಧನ ಕ್ಷೇತ್ರಗಳನ್ನು ಜಾನಪದದ ದೃಷ್ಟಿಯಿಂದ ಪರಿಶೀಲಿಸಿ, ಆ ಶಾಸ್ತ್ರದ ಬೆಳಕಿನಲ್ಲಿ ನಮ್ಮ ಅಧ್ಯಯನ ಕ್ರಮದ ಕೊರತೆಗಳನ್ನೂ ಗುರುತಿಸುವ ಪ್ರಯತ್ನ ಮಾಡಲಾಗಿದೆ. ಶ್ರಮವಿಜ್ಞಾನ ಮೈಯನ್ನು ಅಳೆದಿದೆ, ಆದರೆ ಆ ಮೈ ಯಾರದು, ಯಾರ ಅಂಕೆಯಲ್ಲಿ ದುಡಿಯುತ್ತದೆ ಎಂಬುದನ್ನು ಸಾಕಷ್ಟು ಕೇಳಿಲ್ಲ. ಜಾನಪದ ಆ ಮೈಯ ಮಾತನ್ನು ಕೇಳಿದೆ, ಆದರೆ ಅದರ ದಣಿವನ್ನು ಅಳೆಯುವ ಗೋಜಿಗೆ ಹೋಗಿಲ್ಲ. ಇದು ಇಲ್ಲಿಯ ಮುಖ್ಯ ವಾದ.

೨. ಹೆಸರು ಮತ್ತು ಹಿನ್ನೆಲೆ

ದುಡಿಮೆಯಿಂದ ಮೈಗೆ ಬರುವ ಕೇಡನ್ನು ವ್ಯವಸ್ಥಿತವಾಗಿ ಬರೆದಿಟ್ಟವರಲ್ಲಿ ಇಟಲಿಯ ವೈದ್ಯ ಬರ್ನಾರ್ದಿನೋ ರಾಮಾಜ್ಜಿನಿ ಮೊದಲಿಗ. ೧೭೦೦ರಲ್ಲಿ ಪ್ರಕಟವಾದ ಆತನ ಗ್ರಂಥ ಕಸುಬುಗಳನ್ನು ಒಂದೊಂದಾಗಿ ತೆಗೆದುಕೊಂಡು, ಆಯಾ ಕಸುಬಿನವರಿಗೆ ಬರುವ ಬೇನೆಗಳನ್ನು ವಿವರಿಸುತ್ತದೆ. ‘ಎರ್ಗಾನಾಮಿಕ್ಸ್’ ಎಂಬ ಪದವನ್ನು ಗ್ರೀಕಿನ ‘ಎರ್ಗಾನ್’ (ಕೆಲಸ) ಮತ್ತು ‘ನೋಮೋಸ್’ (ನಿಯಮ) ಎಂಬ ಎರಡು ಮಾತುಗಳಿಂದ ಕಟ್ಟಿದವನು ಪೋಲೆಂಡಿನ ನಿಸರ್ಗವಿಜ್ಞಾನಿ ವೊಯ್ಚೆಕ್ ಯಾಸ್ತ್ರಶೆಂಬೋವ್‌ಸ್ಕಿ, ಅದು ೧೮೫೭ರಲ್ಲಿ. ಆ ಮಾತು ಮರೆತುಹೋಗಿ, ೧೯೪೯ರಲ್ಲಿ ಬ್ರಿಟನ್ನಿನ ಮರೆಲ್ ಮೂಲಕ ಮತ್ತೆ ಚಲಾವಣೆಗೆ ಬಂತು. ಎರಡು ಘಟ್ಟಗಳ ನಡುವೆ ಕಾರ್ಖಾನೆಯೂ ಮಹಾಯುದ್ಧಗಳೂ ಬಂದುಹೋಗಿದ್ದವು. ೧೯೧೧ರಲ್ಲಿ ತನ್ನ ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳನ್ನು ಪ್ರಕಟಿಸಿದ ಅಮೆರಿಕದ ಟೇಲರ್, ಉಕ್ಕಿನ ಕಾರ್ಖಾನೆಯಲ್ಲಿ ಒಂದು ಸಲಿಕೆಗೆ ೨೧ ಪೌಂಡ್ ಭಾರ ತುಂಬಿದರೆ ದಿನದ ಒಟ್ಟು ಕೆಲಸ ಗರಿಷ್ಠವಾಗುತ್ತದೆ ಎಂದು ಲೆಕ್ಕ ಹಾಕಿದ. ಅಲ್ಲಿ ಪ್ರಶ್ನೆ ಇದ್ದದ್ದು ಆಳಿನ ಸುಖದ ಬಗೆಗಲ್ಲ, ಮಾಲೀಕನಿಗೆ ದೊರೆಯುವ ಕೆಲಸದ ಬಗೆಗೆ. ಈ ಎರಡು ಕುಲಗಳು, ಅಂದರೆ ರಾಮಾಜ್ಜಿನಿಯ ವೈದ್ಯದೃಷ್ಟಿ ಮತ್ತು ಟೇಲರನ ಉತ್ಪಾದನದೃಷ್ಟಿ, ಈ ಶಾಸ್ತ್ರದಲ್ಲಿ ಇಂದಿಗೂ ಕೂಡಿಯೇ ಇವೆ. ಅಂತಾರಾಷ್ಟ್ರೀಯ ಎರ್ಗಾನಾಮಿಕ್ಸ್ ಸಂಘ ೨೦೦೦ದಲ್ಲಿ ಒಪ್ಪಿದ ವ್ಯಾಖ್ಯೆಯಲ್ಲಿ ಮನುಷ್ಯನ ಯೋಗಕ್ಷೇಮ ಹಾಗೂ ವ್ಯವಸ್ಥೆಯ ಒಟ್ಟು ಕಾರ್ಯಕ್ಷಮತೆ ಎಂಬ ಎರಡು ಗುರಿಗಳನ್ನು ಒಟ್ಟಿಗೇ ಹೇಳಲಾಗಿದೆ. ಇವೆರಡೂ ಒಂದಕ್ಕೊಂದು ಎದುರಾದಾಗ ಯಾವುದು ಮೇಲು ಎಂಬ ಪ್ರಶ್ನೆಯನ್ನು ವ್ಯಾಖ್ಯೆ ಬಿಡಿಸಿ ಹೇಳುವುದಿಲ್ಲ.

ಅದೇ ಸಂಘ ಈ ಶಾಸ್ತ್ರವನ್ನು ಮೂರು ಕ್ಷೇತ್ರಗಳಾಗಿ ವಿಂಗಡಿಸಿದೆ. ಭಂಗಿ, ಭಾರ, ಪುನರಾವರ್ತನೆ, ಅಂಗಗಳ ಅಳತೆ ಇವುಗಳನ್ನು ನೋಡುವುದು ದೈಹಿಕ ಕ್ಷೇತ್ರ. ಗ್ರಹಿಕೆ, ಗಮನ, ನೆನಪು, ತೀರ್ಮಾನ, ತಪ್ಪು ಇವುಗಳನ್ನು ನೋಡುವುದು ಅರಿವಿನ ಕ್ಷೇತ್ರ. ಕೆಲಸದ ಹಂಚಿಕೆ, ಪಾಳಿ, ಗುಂಪು, ಕೂಲಿಯ ರೀತಿ, ಯಜಮಾನಿಕೆ ಇವುಗಳನ್ನು ನೋಡುವುದು ಸಂಘಟನೆಯ ಕ್ಷೇತ್ರ. ಕನ್ನಡದಲ್ಲಿ ಈ ಶಾಸ್ತ್ರಕ್ಕೆ ಒಂದೇ ಹೆಸರು ನೆಲೆನಿಂತಿಲ್ಲ. ಈ ಲೇಖನದಲ್ಲಿ ‘ಶ್ರಮವಿಜ್ಞಾನ’ ಎಂಬ ಮಾತನ್ನು ಬಳಸಲಾಗಿದೆ. ‘ಶ್ರಮ’ ಎಂಬ ಪದಕ್ಕೆ ದುಡಿಮೆ ಮತ್ತು ದಣಿವು ಎಂಬ ಎರಡು ಅರ್ಥಗಳೂ ಇರುವುದು ಇದಕ್ಕೆ ಕಾರಣ.

ಭಾರತದಲ್ಲಿ ಈ ಅಧ್ಯಯನಕ್ಕೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ, ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ಮೊದಲಾದವು ನೆಲೆ ಒದಗಿಸಿವೆ. ದೇವಕುಮಾರ ಚಕ್ರವರ್ತಿಯವರು ಸಿದ್ಧಪಡಿಸಿದ ಭಾರತೀಯರ ದೇಹಮಾನದ ಕೋಷ್ಟಕಗಳನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ೧೯೯೭ರಲ್ಲಿ ಪ್ರಕಟಿಸಿತು. ಕೃಷಿ ಕಾರ್ಮಿಕರ ದೇಹಮಾನ ಮತ್ತು ಬಲದ ಅಳತೆಗಳನ್ನು ಭೋಪಾಲದ ಸಂಸ್ಥೆ ೨೦೦೯ರಲ್ಲಿ ಗ್ರಂಥರೂಪದಲ್ಲಿ ಹೊರತಂದಿತು. ಇವು ಜಾನಪದ ಸಂಶೋಧಕರ ಮೇಜಿನ ಮೇಲೂ ಇರಬೇಕಾದ ಆಕರಗಳು.

೩. ದೈಹಿಕ ಕ್ಷೇತ್ರ: ಅಳತೆ, ಹಿಡಿ, ಹೊರೆ

ದೇಹಮಾನ ಎಂಬುದು ಜನಪದರಿಗೆ ಹೊಸದಲ್ಲ. ಅಂಗುಲ, ಚೋಟು, ಗೇಣು, ಮೊಳ, ಮಾರು, ಹಿಡಿ, ಬೊಗಸೆ ಈ ಎಲ್ಲ ಅಳತೆಗಳೂ ಮೈಯಿಂದಲೇ ಹುಟ್ಟಿದವು. ಇಲ್ಲಿ ಅಳೆಯುವ ಕೋಲು ಮತ್ತು ಅಳತೆಗೆ ಒಳಗಾಗುವ ವಸ್ತುವನ್ನು ಬಳಸುವ ಕೈ ಒಂದೇ ಆಗುವ ಸಾಧ್ಯತೆ ಇದೆ. ಕೈಗಾರಿಕೆಯ ಉತ್ಪಾದನೆಗೆ ಈ ಸೌಲಭ್ಯವಿಲ್ಲ. ಅದು ಬಹುಜನರಿಗೆ ಒಂದೇ ಅಳತೆಯನ್ನು ಕೊಡಬೇಕು. ಆದ್ದರಿಂದಲೇ ಶ್ರಮವಿಜ್ಞಾನ ಸರಾಸರಿಯ ಮೋಹದಿಂದ ಬಿಡಿಸಿಕೊಳ್ಳಲು ಬಹಳ ಶ್ರಮಪಟ್ಟಿದೆ. ಅಮೆರಿಕದ ವಾಯುಪಡೆಯ ಗಿಲ್ಬರ್ಟ್ ಡೇನಿಯಲ್ಸ್ ೧೯೫೨ರ ವರದಿಯಲ್ಲಿ ೪,೦೬೩ ವಿಮಾನ ಚಾಲಕರ ಹತ್ತು ಅಂಗಾಂಗ ಅಳತೆಗಳನ್ನು ಹೋಲಿಸಿ, ಹತ್ತರಲ್ಲೂ ಸರಾಸರಿಗೆ ಹೊಂದುವವನು ಒಬ್ಬನೂ ಇಲ್ಲವೆಂದು ತೋರಿಸಿದ. ಸರಾಸರಿ ಮನುಷ್ಯನಿಗಾಗಿ ಮಾಡಿದ ಆಸನ ಯಾರಿಗೂ ಸರಿಹೋಗದು ಎಂಬುದು ಅದರ ತಾತ್ಪರ್ಯ.

ಇದನ್ನು ಕಂಡೊಡನೆ ಜನಪದ ಉಪಕರಣಗಳೆಲ್ಲ ಬಳಸುವವರ ಮೈಗೆ ತಕ್ಕಂತೆ ಇದ್ದವು ಎಂದು ಹೇಳಿಬಿಡುವ ಆಸೆ ಜಾನಪದ ವಿದ್ವಾಂಸರಿಗೆ ಸಹಜವಾಗಿ ಬರುತ್ತದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆಯದ ಪದ್ಧತಿಯಲ್ಲಿ ಬಡಗಿ ಮತ್ತು ಕಮ್ಮಾರ ಊರಿನವರೇ ಆಗಿದ್ದರು. ಕುಡುಗೋಲಿನ ಹಿಡಿ ಕೈಗೆ ಕೂರದಿದ್ದರೆ ಮರುದಿನವೇ ತಿದ್ದಿಸಿಕೊಳ್ಳಬಹುದಿತ್ತು. ಮಾಡಿದವನಿಗೂ ಬಳಸಿದವರಿಗೂ ಮುಖಪರಿಚಯವಿತ್ತು. ಇಂದಿನ ಕಾರ್ಖಾನೆಯ ಉಪಕರಣಕ್ಕೆ ಇಲ್ಲದಿರುವುದು ಈ ತಿದ್ದುಪಡಿಯ ದಾರಿ. ಆದರೆ ಯಾರ ಮೊಳದಿಂದ ಅಳೆಯಲಾಯಿತು, ತಿದ್ದಿಸಲು ಯಾರ ಮಾತು ನಡೆಯುತ್ತಿತ್ತು ಎಂಬ ಪ್ರಶ್ನೆಗಳನ್ನು ಕೇಳಿದಾಗ ಚಿತ್ರ ಬದಲಾಗುತ್ತದೆ. ಮನೆ ಕಟ್ಟುವಾಗ ಯಜಮಾನನ ಮೊಳದಿಂದ ಆಯ ನೋಡುವ ಸಂಪ್ರದಾಯ ನಮಗೆ ಗೊತ್ತಿದೆ. ಆ ಮನೆಯ ಒಲೆಯ ಮುಂದೆ ಬಾಗುವವಳ ಎತ್ತರ ಲೆಕ್ಕಕ್ಕೆ ಬಂದಿತ್ತೇ ಎಂಬುದನ್ನು ನಾವು ವಿಚಾರಿಸಿಲ್ಲ.

ಕಳೆ ತೆಗೆಯುವ ಕೆಲಸವನ್ನೇ ನೋಡಬಹುದು. ಸಾಲುಗಳ ನಡುವೆ ಎತ್ತುಗಳಿಂದ ಎಳೆಸುವ ಎಡೆಕುಂಟೆಯನ್ನು ಗಂಡಸು ನಿಂತು, ನಡೆಯುತ್ತ ಹಿಡಿಯುತ್ತಾನೆ. ಎಡೆಕುಂಟೆಗೆ ಸಿಗದೆ ಪೈರಿನ ಬುಡದಲ್ಲಿ ಉಳಿದ ಕಳೆಯನ್ನು ಹೆಂಗಸರು ಗೇಣುದ್ದದ ಹಿಡಿಯ ಕುರ್ಪಿ ಅಥವಾ ಕುರ್ಚಿಗೆಯಿಂದ ಕುಕ್ಕರುಗಾಲಿನಲ್ಲಿ ಕುಳಿತು ಇಲ್ಲವೆ ಬಾಗಿ ತೆಗೆಯುತ್ತಾರೆ. ಒಂದೇ ಹೊಲದಲ್ಲಿ ಒಂದೇ ಕಳೆಗೆ ಎರಡು ಉಪಕರಣ, ಎರಡು ಭಂಗಿ. ನಮ್ಮ ಪಟ್ಟಿಗಳಲ್ಲಿ ಎರಡೂ ‘ಕೃಷಿ ಉಪಕರಣಗಳು’ ಎಂಬ ತಲೆಬರಹದಡಿ ಸಾಲಾಗಿ ನಿಲ್ಲುತ್ತವೆ. ಹಿಡಿಯ ಉದ್ದವನ್ನು ಬರೆದಿಟ್ಟಿದ್ದರೆ ಲಿಂಗಭೇದ ಆ ಪಟ್ಟಿಯಲ್ಲೇ ಕಾಣುತ್ತಿತ್ತು.

ಹಿಡಿಯ ಉದ್ದ ಕೇವಲ ತಾಂತ್ರಿಕ ವಿಷಯವಲ್ಲ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ನಿದರ್ಶನವೊಂದಿದೆ. ಅಲ್ಲಿ ಲೆಟಿಸ್ ಸೊಪ್ಪು ಮತ್ತು ಸಕ್ಕರೆ ಬೀಟಿನ ಹೊಲಗಳಲ್ಲಿ ಮೆಕ್ಸಿಕನ್ ಮೂಲದ ಕೂಲಿಗಳಿಗೆ ಗಿಡ್ಡ ಹಿಡಿಯ ಗುದ್ದಲಿಯನ್ನೇ ಕೊಡಲಾಗುತ್ತಿತ್ತು. ಅವರು ಅದನ್ನು ‘ಎಲ್ ಕೊರ್ತೀತೊ’, ಅಂದರೆ ‘ಗಿಡ್ಡದು’, ಎಂದು ಕರೆಯುತ್ತಿದ್ದರು. ಗಿಡ್ಡ ಹಿಡಿಯಿಂದ ಕೆಲಸ ನಿಖರವಾಗುತ್ತದೆ ಎಂಬುದು ಬೆಳೆಗಾರರ ವಾದ. ಬೆನ್ನು ನೆಟ್ಟಗೆ ಮಾಡಿದವನು ಕೆಲಸ ನಿಲ್ಲಿಸಿದವನೆಂದು ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು ಎಂಬುದು ಕೂಲಿಗಳ ಅನುಭವ. ವೈದ್ಯರ ಸಾಕ್ಷ್ಯಗಳನ್ನು ಆಧರಿಸಿ ನಡೆದ ಹೋರಾಟದ ಫಲವಾಗಿ ೧೯೭೫ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು, ಅದೇ ವರ್ಷ ಆ ಗುದ್ದಲಿ ನಿಷೇಧಕ್ಕೆ ಒಳಗಾಯಿತು. ಹಿಡಿ ಉದ್ದವಾಗಲು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ನಮ್ಮಲ್ಲಿ ಉದ್ದ ಹಿಡಿಯ ಕಳೆ ಯಂತ್ರಗಳನ್ನು ಹಂಚುವ ಯೋಜನೆಗಳು ಬಂದಿವೆ. ಗದ್ದೆಯಲ್ಲಿ ಉರುಳಿಸುವ ಕಳೆ ಯಂತ್ರ ನಡೆಯಬೇಕಾದರೆ ಪೈರನ್ನು ಸಾಲಿನಲ್ಲಿ ನಾಟಿ ಮಾಡಿರಬೇಕು. ಚೆಲ್ಲಿ ಬಿತ್ತಿದ ಗದ್ದೆಯಲ್ಲಿ, ಹಲವು ಕಾಳು ಬೆರೆಸಿ ಬಿತ್ತಿದ ಹೊಲದಲ್ಲಿ ಅದಕ್ಕೆ ದಾರಿಯಿಲ್ಲ. ಅಂದರೆ ಕಳೆ ತೆಗೆಯುವವಳ ಬೆನ್ನು ನೆಟ್ಟಗಾಗುವುದು ಬಿತ್ತನೆಯ ಕ್ರಮವನ್ನು ನಿರ್ಧರಿಸುವವರ ಕೈಯಲ್ಲಿದೆ. ಯಂತ್ರ ಬಳಕೆಯಾಗದೆ ಮೂಲೆ ಸೇರಿದಾಗ ಅದನ್ನು ರೈತ ಮಹಿಳೆಯರ ಹಿಂಜರಿಕೆ ಎಂದು ಬರೆಯುವ ವರದಿ ದೈಹಿಕ ಕ್ಷೇತ್ರದಲ್ಲೇ ನಿಂತುಬಿಟ್ಟ ಶ್ರಮವಿಜ್ಞಾನದ ವರದಿ.

ಜನಪದದ ಅನುಭವಜ್ಞಾನಕ್ಕೆ ಒಂದು ಉತ್ತಮ ನಿದರ್ಶನ ಹೊರೆಗಲ್ಲು. ಹಳೆಯ ದಾರಿಗಳ ಬದಿಯಲ್ಲಿ ಎರಡು ಕಲ್ಲುಕಂಬಗಳನ್ನು ನೆಟ್ಟು, ಅವುಗಳ ಮೇಲೆ ಒಂದು ಚಪ್ಪಡಿಯನ್ನು ಅಡ್ಡಲಾಗಿ ಇಡಲಾಗುತ್ತಿತ್ತು. ತಲೆಹೊರೆ ಹೊತ್ತವರು ಬಾಗದೆ, ಇನ್ನೊಬ್ಬರ ಸಹಾಯವಿಲ್ಲದೆ ಹೊರೆಯನ್ನು ಅದರ ಮೇಲೆ ಸರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಯ ಮೇಲೆ ಎಳೆದುಕೊಳ್ಳಬಹುದು. ತಮಿಳುನಾಡಿನಲ್ಲಿ ‘ಸುಮೈತಾಂಗಿ’ ಎಂದು ಕರೆಯುವ ಇಂಥ ಕಲ್ಲುಗಳನ್ನು ಗರ್ಭಿಣಿಯಾಗಿ ತೀರಿಕೊಂಡ ಹೆಣ್ಣಿನ ನೆನಪಿಗಾಗಿ ನಿಲ್ಲಿಸುವ ರೂಢಿಯಿತ್ತು. ಇಳಿಸಲಾಗದ ಹೊರೆಯೊಂದಿಗೆ ಹೋದವಳ ಹೆಸರಿನಲ್ಲಿ ಇತರರ ಹೊರೆಗೆ ಇಳಿದಾಣ. ಆಧುನಿಕ ಶ್ರಮವಿಜ್ಞಾನ ಭಾರ ಹೊರುವುದನ್ನೂ ಭಾರ ಎತ್ತುವುದನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ನೆಲದಿಂದ ಎತ್ತುವ ಗಳಿಗೆಯೇ ಬೆನ್ನೆಲುಬಿಗೆ ಹೆಚ್ಚು ಅಪಾಯಕಾರಿ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ೧೯೬೭ರ ಶಿಫಾರಸು ವಯಸ್ಕ ಗಂಡಸಿನ ಹೊರೆಗೆ ೫೫ ಕಿಲೋಗ್ರಾಂ ಮಿತಿಯನ್ನು ಸೂಚಿಸಿತು. ಅಮೆರಿಕದ ಔದ್ಯೋಗಿಕ ಸುರಕ್ಷೆಯ ರಾಷ್ಟ್ರೀಯ ಸಂಸ್ಥೆ ೧೯೯೧ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ, ಎಲ್ಲ ಅನುಕೂಲಗಳಿದ್ದರೂ ಎತ್ತಬಹುದಾದ ಭಾರ ೨೩ ಕಿಲೋಗ್ರಾಂ ಮಾತ್ರ. ಹೊರೆಗಲ್ಲು ನೆಲದಿಂದ ಎತ್ತುವ ಆ ಗಳಿಗೆಯನ್ನೇ ದಾರಿಯಿಂದ ತೆಗೆದುಹಾಕುತ್ತದೆ. ನಮ್ಮ ಕ್ಷೇತ್ರಕಾರ್ಯದ ಬರಹಗಳಲ್ಲಿ ಹೊರೆಗಲ್ಲಿನ ಶಾಸನ, ಕಾಲ, ನಿಲ್ಲಿಸಿದವರ ಹೆಸರು ಸಿಗುತ್ತವೆ. ನೆಲದಿಂದ ಚಪ್ಪಡಿಯವರೆಗಿನ ಎತ್ತರ ಅಪರೂಪವಾಗಿ ಸಿಗುತ್ತದೆ. ಆ ಎತ್ತರವೇ ಅದರ ಅರ್ಥ.

ತಲೆಹೊರೆಯ ವಿಚಾರದಲ್ಲಿ ಎಚ್ಚರಿಕೆಯ ಮಾತೊಂದನ್ನು ಸೇರಿಸಬೇಕು. ೧೯೮೬ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದು ಪೂರ್ವ ಆಫ್ರಿಕದ ಹೆಂಗಸರು ತಮ್ಮ ಮೈತೂಕದ ಐದರಲ್ಲೊಂದು ಪಾಲಿನಷ್ಟು ಭಾರವನ್ನು ಹೆಚ್ಚಿನ ಶಕ್ತಿವ್ಯಯವಿಲ್ಲದೆ ಹೊರಬಲ್ಲರೆಂದು ತೋರಿಸಿತು. ಶಕ್ತಿವ್ಯಯ ಕಡಿಮೆಯಿರುವುದು ಒಂದು ಸಂಗತಿ, ಕುತ್ತಿಗೆ ಸವೆಯದಿರುವುದು ಬೇರೆ ಸಂಗತಿ. ಕೌಶಲವನ್ನು ಮೆಚ್ಚುವ ಬರವಣಿಗೆ ಸವೆತವನ್ನು ಮರೆಸಬಾರದು.

೪. ಅರಿವಿನ ಕ್ಷೇತ್ರ: ಕೂರಿಗೆಯ ಹಿಂದಿನ ಕೈ

ಅರಿವಿನ ಕ್ಷೇತ್ರಕ್ಕೆ ಎರಡನೆಯ ಮಹಾಯುದ್ಧದ ವಿಮಾನಗಳೇ ಪ್ರಯೋಗಶಾಲೆ. ಬಿ–೧೭ ವಿಮಾನಗಳನ್ನು ನೆಲಕ್ಕೆ ಇಳಿಸಿದ ಮೇಲೆ ಚಾಲಕರು ರೆಕ್ಕೆಯ ಮಡಿಕೆಗಳನ್ನು ಎತ್ತುವ ಬದಲು ಚಕ್ರಗಳನ್ನೇ ಒಳಗೆ ಎಳೆದುಕೊಂಡುಬಿಡುತ್ತಿದ್ದರು. ಅಲ್ಫಾನ್ಸ್ ಚಪಾನಿಸ್ ಇದನ್ನು ಪರಿಶೀಲಿಸಿ, ಎರಡು ಕೀಲಿಗಳೂ ಒಂದೇ ಆಕಾರದಲ್ಲಿ ಅಕ್ಕಪಕ್ಕದಲ್ಲಿರುವುದೇ ಕಾರಣವೆಂದು ಕಂಡುಕೊಂಡ. ಚಕ್ರದ ಕೀಲಿಗೆ ಚಕ್ರದ ಆಕಾರ, ಮಡಿಕೆಯ ಕೀಲಿಗೆ ಬೆಣೆಯ ಆಕಾರ ಕೊಟ್ಟು, ಕಣ್ಣಿಲ್ಲದೆ ಕೈಗೇ ತಿಳಿಯುವಂತೆ ಮಾಡಿದ. ಚಾಲಕನ ತಪ್ಪು ಎನ್ನುತ್ತಿದ್ದುದು ವಿನ್ಯಾಸದ ತಪ್ಪಾಯಿತು.

ಕೈಗೇ ತಿಳಿಯುವ ಈ ಬಗೆಯ ಅರಿವಿಗೆ ನಮ್ಮಲ್ಲಿ ದೊಡ್ಡ ನಿದರ್ಶನ ಕೂರಿಗೆ ಬಿತ್ತನೆ. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಕೂರಿಗೆಯನ್ನು ವರ್ಣಿಸಿದ್ದಾನೆ. ಆ ಮೇಲೆ ಬಂದ ವರ್ಣನೆಗಳಲ್ಲಿ ದಿಂಡು, ತಾಳು, ಬಿದಿರಿನ ಕೊಳವೆ, ಬಟ್ಟಲು ಎಲ್ಲವೂ ಬರುತ್ತವೆ. ಬಟ್ಟಲಿಗೆ ಬೀಜ ಬಿಡುವ ಕೈಯ ವರ್ಣನೆ ಒಂದೆರಡು ಮಾತಿನಲ್ಲಿ ಮುಗಿಯುತ್ತದೆ. ಆ ಕೈ ಬಹುಮಟ್ಟಿಗೆ ಹೆಂಗಸಿನದು. ಎತ್ತಿನ ನಡೆಗೆ ತನ್ನ ನಡೆಯನ್ನು ಹೊಂದಿಸಿಕೊಂಡು, ಉಳುಮೆಯ ಹೆಂಟೆಗಳ ಮೇಲೆ ನಡೆಯುತ್ತ, ಮುಷ್ಟಿಯನ್ನು ಬೀಜದ ಗಾತ್ರಕ್ಕೆ ತಕ್ಕಷ್ಟೇ ಸಡಿಲಿಸಿ, ಮೂರು ನಾಲ್ಕು ಕೊಳವೆಗಳಿಗೂ ಸಮನಾಗಿ ಬೀಜ ಹಂಚಿಹೋಗುವಂತೆ ಅವಳು ಬಿಡಬೇಕು. ರಾಗಿಗೆ ಒಂದು ಹದ, ಜೋಳಕ್ಕೆ ಇನ್ನೊಂದು ಹದ. ಒಂದು ಕೊಳವೆಗೆ ಮಣ್ಣು ಕಟ್ಟಿಕೊಂಡರೆ ತಕ್ಷಣ ಗಮನಿಸಬೇಕು. ಗಮನಿಸದಿದ್ದರೆ ತಪ್ಪು ಆ ದಿನ ಕಾಣುವುದಿಲ್ಲ. ವಾರ ಕಳೆದು ಮೊಳಕೆ ಬಂದಾಗ ಒಂದು ಸಾಲು ಬೋಳಾಗಿ ಕಾಣುತ್ತದೆ. ಅಷ್ಟರಲ್ಲಿ ಹದ ಹೋಗಿರುತ್ತದೆ.

ಫಲಿತ ತಡವಾಗಿ ತಿಳಿಯುವ ಕೆಲಸದಲ್ಲಿ ತಪ್ಪನ್ನು ಹಿಡಿಯುವುದು ಹೇಗೆ ಎಂಬುದು ಅರಿವಿನ ಶ್ರಮವಿಜ್ಞಾನದ ಮುಖ್ಯ ಪ್ರಶ್ನೆಗಳಲ್ಲೊಂದು. ಯಂತ್ರನಿಯಂತ್ರಣ ಕೊಠಡಿಗಳಲ್ಲಿ ಅದನ್ನು ವಿಸ್ತಾರವಾಗಿ ಅಧ್ಯಯನ ಮಾಡಲಾಗಿದೆ. ಕೂರಿಗೆಯ ಹಿಂದೆ ನಡೆಯುವವಳು ಅದನ್ನು ಕಿವಿಯಿಂದಲೋ ಬೆರಳಿನಿಂದಲೋ ಕಣ್ಣಿನಿಂದಲೋ ಬಗೆಹರಿಸುತ್ತಿದ್ದಳೆಂಬುದನ್ನು ಕೇಳಿ ಬರೆದಿಡುವ ಕೆಲಸ ಜಾನಪದದ್ದು. ಈಗ ಟ್ರ್ಯಾಕ್ಟರಿನ ಬಿತ್ತನೆ ಯಂತ್ರ ಆ ಕೆಲಸವನ್ನು ಬಹುಪಾಲು ವಹಿಸಿಕೊಂಡಿದೆ. ಕೂರಿಗೆ ಸಂಗ್ರಹಾಲಯಗಳಲ್ಲಿ ಉಳಿದಿದೆ. ಮುಷ್ಟಿಯ ಹದ ಬಲ್ಲವರಿಗೆ ವಯಸ್ಸಾಗಿದೆ.

ಫ್ರಾನ್ಸಿನ ಮಾರ್ಸೆಲ್ ಮಾಸ್ ೧೯೩೪ರ ಉಪನ್ಯಾಸದಲ್ಲಿ ‘ಮೈಯ ತಂತ್ರಗಳು’ ಎಂಬ ಪರಿಕಲ್ಪನೆಯನ್ನು ಮಂಡಿಸುತ್ತ, ಒಂದನೆಯ ಮಹಾಯುದ್ಧದಲ್ಲಿ ಇಂಗ್ಲಿಷ್ ಸೈನಿಕರಿಗೆ ಫ್ರೆಂಚ್ ಸಲಿಕೆಗಳಿಂದ ಅಗೆಯಲು ಬಾರದೆ, ಪ್ರತಿ ದಳಕ್ಕೆ ೮,೦೦೦ ಸಲಿಕೆಗಳನ್ನು ಬದಲಾಯಿಸಬೇಕಾಗಿ ಬಂದುದನ್ನು ನೆನೆದಿದ್ದಾನೆ. ಉಪಕರಣವನ್ನು ಕಾಪಾಡಿದ ಮಾತ್ರಕ್ಕೆ ಅದನ್ನು ಬಳಸುವ ತಂತ್ರ ಉಳಿಯುವುದಿಲ್ಲ ಎಂಬ ಪಾಠ ಇದರಲ್ಲಿದೆ.

೫. ಸಂಘಟನೆಯ ಕ್ಷೇತ್ರ: ಹಾಡು ಮತ್ತು ಗತಿಯ ಒಡೆತನ

ದುಡಿಮೆಯ ಹಾಡಿನ ಬಗೆಗೆ ನಮ್ಮ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ಎರಡು ಹೇಳಿಕೆಗಳಿವೆ. ಹಾಡು ದಣಿವನ್ನು ಮರೆಸುತ್ತದೆ ಎಂಬುದು ಮೊದಲನೆಯದು. ಕಲ್ಲಿನ ಸುತ್ತಿನಿಂದಲೇ ತ್ರಿಪದಿಯ ಲಯ ಹುಟ್ಟಿತು ಎಂಬುದು ಎರಡನೆಯದು. ಎರಡೂ ಪರೀಕ್ಷೆಗೆ ಒಳಗಾಗದೆ ಬಂದ ಮಾತುಗಳು.

ಎರಡನೆಯದರ ಮೂಲಭಾವನೆ ಜರ್ಮನಿಯ ಅರ್ಥಶಾಸ್ತ್ರಜ್ಞ ಕಾರ್ಲ್ ಬ್ಯೂಶರ್ ೧೮೯೬ರಲ್ಲಿ ‘ದುಡಿಮೆ ಮತ್ತು ಲಯ’ ಎಂಬ ಅರ್ಥದ ಗ್ರಂಥದಲ್ಲಿ ಮಂಡಿಸಿದ ವಾದಕ್ಕೆ ಸಮೀಪದ್ದು. ಆದರೆ ಕನ್ನಡದ ಮಟ್ಟಿಗೆ ತ್ರಿಪದಿ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ದೊರೆಯುತ್ತದೆ. ಸರ್ವಜ್ಞನೂ ಅದನ್ನೇ ಬಳಸಿದ. ಈ ಛಂದಸ್ಸು ಕಲ್ಲಿನಿಂದ ಹುಟ್ಟಿತೋ ಅಥವಾ ಕಲ್ಲಿನ ಕೆಲಸಕ್ಕೆ ಒಗ್ಗಿಕೊಂಡಿತೋ ಎಂಬುದನ್ನು ತೀರ್ಮಾನಿಸಲು, ಒಂದು ನಿಮಿಷಕ್ಕೆ ಕಲ್ಲಿನ ಸುತ್ತು ಎಷ್ಟು, ಒಂದು ಸಾಲಿಗೆ ಸುತ್ತು ಎಷ್ಟು, ಕಾಳು ಹಾಕಲು ಕೈ ಬಿಡುವುದು ಯಾವ ಪದದಲ್ಲಿ, ಕೈ ಬದಲಾಗುವುದು ಎಲ್ಲಿ ಎಂಬ ವಿವರಗಳು ಬೇಕು. ಹಿಟ್ಟಿನ ಗಿರಣಿ ಬಂದ ಮೇಲೆ ನಡೆದ ಸಂಗ್ರಹಗಳಲ್ಲಿ ಹಾಡುಗಾರ್ತಿಯರು ಬಹುಮಟ್ಟಿಗೆ ಕಲ್ಲಿಲ್ಲದೆ ಕುಳಿತು ಹಾಡಿದ್ದಾರೆ. ಆ ಪಠ್ಯಗಳು ಸಾಹಿತ್ಯವಾಗಿ ಅಮೂಲ್ಯ. ಲಯದ ಪ್ರಶ್ನೆಗೆ ಅವು ಸಾಕ್ಷಿಯಾಗಲಾರವು.

ಮೊದಲನೆಯ ಹೇಳಿಕೆ ಇನ್ನೂ ಗಂಭೀರವಾದದ್ದು. ಹಾಡು ದಣಿವನ್ನು ಕಡಿಮೆ ಮಾಡುವುದೂ ದಣಿವನ್ನು ಮರೆಸುವುದೂ ಒಂದೇ ಅಲ್ಲ. ನಾಡಿಬಡಿತ, ಪ್ರಾಣವಾಯುವಿನ ಬಳಕೆ ಮೊದಲಾದ ಅಳತೆಗಳಿಂದ ಮೊದಲನೆಯದನ್ನು ಪರೀಕ್ಷಿಸಬಹುದು. ಎರಡನೆಯದು ನಿಜವಾಗಿದ್ದರೆ, ಅಂದರೆ ಮೈ ದಣಿದಿದ್ದರೂ ಅರಿವಿಗೆ ಬಾರದಿದ್ದರೆ, ಹಾಡು ಮೈಯ ಮಿತಿಯನ್ನು ಮೀರಿ ದುಡಿಸುವ ಸಾಧನವೂ ಆಗಬಲ್ಲದು. ನಸುಕಿನಲ್ಲಿ ಮನೆಮಂದಿಗೆಲ್ಲ ಹಿಟ್ಟು ಬೀಸಬೇಕಾದ ಸೊಸೆಗೆ ಹಾಡು ಆಸರೆಯಾಗಿತ್ತೆಂದು ಬರೆಯುವಾಗ, ಆ ಹೊತ್ತಿಗೆ ಏಳಬೇಕಾದವರು ಯಾರೆಂದು ತೀರ್ಮಾನಿಸಿದ ಮನೆಯ ವ್ಯವಸ್ಥೆಯನ್ನೂ ಬರೆಯಬೇಕಾಗುತ್ತದೆ.

ಇಲ್ಲಿಯೇ ಸಂಘಟನೆಯ ಕ್ಷೇತ್ರ ಪ್ರಸ್ತುತವಾಗುತ್ತದೆ. ಕೆಲಸದ ಗತಿಯನ್ನು ನಿರ್ಧರಿಸುವವರು ಯಾರು ಎಂಬುದು ಆ ಕ್ಷೇತ್ರದ ಕೇಂದ್ರ ಪ್ರಶ್ನೆ. ನಾಟಿಯ ಗದ್ದೆಯಲ್ಲಿ ಒಬ್ಬಳು ಹೇಳಿಕೊಟ್ಟು ಉಳಿದವರು ಸೊಲ್ಲು ಹಿಡಿಯುವಾಗ, ಬಾಗಿ ಹಿಂದೆ ಸರಿಯುತ್ತಿರುವ ಇಡೀ ಸಾಲು ಒಂದೇ ಗತಿಗೆ ಬರುತ್ತದೆ. ಮುದುಕಿಯೂ ಹೊಸ ಹುಡುಗಿಯೂ ಸಾಲಿನಿಂದ ಹಿಂದೆ ಬೀಳದಂತೆ ಆ ಗತಿ ನಿಧಾನವಾಗಿದ್ದರೆ ಅದು ದುಡಿಯುವವರ ನಡುವಿನ ಒಪ್ಪಂದ. ಬೇಗ ಮುಗಿಸಲೆಂದು ಬದುವಿನ ಮೇಲೆ ನಿಂತವನು ಹಾಡನ್ನು ಚುರುಕುಗೊಳಿಸಿದರೆ ಅದೇ ಹಾಡು ಮೇಸ್ತ್ರಿಕೆಯಾಗುತ್ತದೆ. ಪಠ್ಯ ಒಂದೇ ಇದ್ದರೂ ಗತಿಯ ಒಡೆತನ ಬೇರೆ. ದಿನಗೂಲಿಯ ನಾಟಿಗೂ ಗುತ್ತಿಗೆಯ ನಾಟಿಗೂ ಹಾಡಿನಲ್ಲಿ ಏನು ವ್ಯತ್ಯಾಸವಾಯಿತು ಎಂಬುದು ಈ ದೃಷ್ಟಿಯಿಂದ ಮಹತ್ವದ ಸಂಶೋಧನ ವಿಷಯ. ಕರಾವಳಿಯ ಬೀಡಿ ಕಟ್ಟುವ ಹೆಂಗಸರಿಗೆ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಕೂಲಿ. ಮಡಿಲಲ್ಲಿ ಗೆರಸಿ ಇಟ್ಟುಕೊಂಡು ಕತ್ತು ಬಗ್ಗಿಸಿ ಕುಳಿತವಳಿಗೆ ವಿರಾಮ ಎಂದರೆ ಎಣಿಕೆಯಲ್ಲಿ ಕಳೆತ. ಅಲ್ಲಿ ಗತಿಯನ್ನು ಕಾಯುವ ಮೇಸ್ತ್ರಿ ಕೂಲಿಯ ರೀತಿಯೊಳಗೇ ಕುಳಿತಿದ್ದಾನೆ.

೬. ನೋವಿನ ಭಾಷೆ

ಶ್ರಮವಿಜ್ಞಾನದ ಎರಡು ಪ್ರಸಿದ್ಧ ಸಾಧನಗಳು ಮಾತನ್ನೇ ಅವಲಂಬಿಸಿವೆ. ೧೯೭೬ರಲ್ಲಿ ಕಾರ್ಲೆಟ್ ಮತ್ತು ಬಿಷಪ್ ರೂಪಿಸಿದ ದೇಹಚಿತ್ರದಲ್ಲಿ ದುಡಿಯುವವರು ತೊಂದರೆಯ ಜಾಗವನ್ನು ಗುರುತಿಸುತ್ತಾರೆ. ೧೯೮೭ರಲ್ಲಿ ಪ್ರಕಟವಾದ ನಾರ್ಡಿಕ್ ಪ್ರಶ್ನಾವಳಿ ಒಂಬತ್ತು ಅಂಗಭಾಗಗಳ ಬಗೆಗೆ ಕಳೆದ ಹನ್ನೆರಡು ತಿಂಗಳಲ್ಲಿ ಮತ್ತು ಕಳೆದ ಏಳು ದಿನಗಳಲ್ಲಿ ತೊಂದರೆ ಇತ್ತೇ ಎಂದು ಕೇಳುತ್ತದೆ. ಇವನ್ನು ಕನ್ನಡಕ್ಕೆ ತಂದು ಬಳಸುವಾಗ ‘ನೋವು’ ಎಂಬ ಒಂದೇ ಪದಕ್ಕೆ ಎಲ್ಲವನ್ನೂ ಒಪ್ಪಿಸಿಬಿಡುವ ಅಪಾಯವಿದೆ.

ಆಡುಮಾತಿನಲ್ಲಿ ಕಾಲು ‘ಸೆಳೆಯುತ್ತದೆ’, ಸೊಂಟ ‘ಹಿಡಿದುಕೊಳ್ಳುತ್ತದೆ’, ಕೈ ‘ಜೋಮು ಹಿಡಿಯುತ್ತದೆ’, ರಟ್ಟೆ ‘ಬಿದ್ದುಹೋಗುತ್ತದೆ’, ಕತ್ತು ‘ಉಳುಕುತ್ತದೆ’, ಅಂಗಾಲು ‘ಉರಿಯುತ್ತದೆ’. ವೈದ್ಯನಿಗೆ ಜೋಮು ನರದ ಸೂಚನೆ, ಹಿಡಿತ ಸ್ನಾಯುವಿನ ಸೂಚನೆ. ಆಡುಮಾತು ಈಗಾಗಲೇ ಮಾಡಿರುವ ವ್ಯತ್ಯಾಸವನ್ನು ಪ್ರಶ್ನಾವಳಿ ಅಳಿಸಿಹಾಕುತ್ತದೆ. ದುಡಿಯುವ ಮೈಗೆ ಇದೆಲ್ಲ ‘ಇದ್ದದ್ದೇ’ ಎಂದು ಭಾವಿಸುವವರು ‘ನೋವಿದೆಯೇ’ ಎಂಬ ಪ್ರಶ್ನೆಗೆ ಇಲ್ಲವೆನ್ನುವುದೂ ಉಂಟು. ಹನ್ನೆರಡು ತಿಂಗಳ ಲೆಕ್ಕವೂ ಹಾಗೆಯೇ. ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆಗಳಿಂದ, ನಾಟಿ ಸುಗ್ಗಿಗಳಿಂದ ವರ್ಷವನ್ನು ನೆನೆಯುವವರಿಗೆ ಆ ಕ್ರಮದಲ್ಲೇ ಪ್ರಶ್ನೆ ಕೇಳಿದರೆ ಯಾವ ಕೆಲಸಕ್ಕೆ ಯಾವ ಬೇನೆ ಎಂಬುದು ತಾನಾಗಿ ಹೊರಬರುತ್ತದೆ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ೧೯೬೨ರಲ್ಲಿ ವ್ಯವಸಾಯ ವೃತ್ತಿಯ ಮಾಂಡಲಿಕ ಪದಕೋಶವನ್ನು ಹೊರತಂದು ವೃತ್ತಿಪದಗಳ ಸಂಗ್ರಹಕ್ಕೆ ಮಾದರಿ ಹಾಕಿದರು. ಆ ಕ್ರಮದಲ್ಲಿ ದುಡಿಮೆಯ ಭಂಗಿ, ದಣಿವು, ಬೇನೆಗಳ ಪ್ರಾದೇಶಿಕ ಪದಕೋಶವೊಂದು ಕನ್ನಡದಲ್ಲಿ ಸಿದ್ಧವಾದರೆ ಅದು ಭಾಷಾಶಾಸ್ತ್ರಕ್ಕೂ ಔದ್ಯೋಗಿಕ ವೈದ್ಯಕ್ಕೂ ಏಕಕಾಲಕ್ಕೆ ಉಪಯುಕ್ತವಾಗುತ್ತದೆ.

೭. ಉಪಸಂಹಾರ

ಈವರೆಗಿನ ಚರ್ಚೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಶ್ರಮವಿಜ್ಞಾನದ ಮೂರು ಕ್ಷೇತ್ರಗಳಲ್ಲಿ ದೈಹಿಕ ಕ್ಷೇತ್ರವೊಂದನ್ನೇ ಗ್ರಾಮೀಣ ದುಡಿಮೆಗೆ ಅನ್ವಯಿಸಿದರೆ ಉಪಕರಣದ ಹಿಡಿ ಉದ್ದವಾಗಬಹುದು, ದುಡಿಯುವವರ ಬೆನ್ನು ನೆಟ್ಟಗಾಗುವ ಭರವಸೆಯಿಲ್ಲ. ಜಾತಿ, ಲಿಂಗ, ಕೂಲಿ, ಮನೆಯ ಅಧಿಕಾರ ಇವು ಸಂಘಟನೆಯ ಕ್ಷೇತ್ರದ ವಿಷಯಗಳು. ಇವುಗಳ ಬಗೆಗೆ ಜಾನಪದದಲ್ಲಿ ಶೇಖರವಾಗಿರುವ ಸಾಮಗ್ರಿಯನ್ನು ಶ್ರಮವಿಜ್ಞಾನಿಗಳು ಆಕರವಾಗಿ ಬಳಸಿಕೊಳ್ಳಬೇಕು. ಜಾನಪದ ಅಧ್ಯಯನವಾದರೋ ಪರಂಪರೆಯ ಉಪಕರಣ ಪರಂಪರೆಯದು ಎಂಬ ಕಾರಣಕ್ಕೇ ಮೈಗೆ ಹಿತವಾದದ್ದು ಎಂಬ ಪೂರ್ವಗ್ರಹವನ್ನು ಬಿಡಬೇಕು. ಹೊರೆಗಲ್ಲನ್ನು ನಿಲ್ಲಿಸಿದ ಸಮಾಜವೇ ಗೇಣುದ್ದದ ಕುರ್ಪಿಯನ್ನೂ ಹೆಣ್ಣಿನ ಕೈಗೆ ಕೊಟ್ಟಿತು.

ಕಾರ್ಯರೂಪದಲ್ಲಿ ಇದು ಕಷ್ಟವಾದದ್ದಲ್ಲ. ಉಪಕರಣವೊಂದನ್ನು ದಾಖಲಿಸುವಾಗ ಹೆಸರು, ಊರು, ವಸ್ತುಗಳ ಜೊತೆಗೆ ತೂಕ, ಹಿಡಿಯ ಉದ್ದ ಮತ್ತು ಸುತ್ತಳತೆ, ಬಳಸುವವರ ಎತ್ತರ, ಭಂಗಿ, ಕೈ ಬದಲಾಯಿಸುವ ಕ್ರಮ, ಒಂದು ದಿನದ ಕೆಲಸದ ಅವಧಿ, ವಿರಾಮ, ಕೂಲಿಯ ರೀತಿ, ಉಪಕರಣದ ಒಡೆಯರು, ಅದನ್ನು ತಿದ್ದಿಸಲು ಹೇಳಬಲ್ಲವರು ಇಷ್ಟನ್ನು ಸೇರಿಸಿದರೆ ಸಾಕು. ಹಾಡನ್ನು ದಾಖಲಿಸುವಾಗ ಕೆಲಸ ನಡೆಯುತ್ತಿರುವಾಗಲೇ ಚಿತ್ರೀಕರಿಸಬೇಕು. ಅದು ಆಗದಿದ್ದರೆ ಕೆಲಸವಿಲ್ಲದೆ ಹಾಡಿಸಿದ್ದೆಂದು ಸ್ಪಷ್ಟವಾಗಿ ನಮೂದಿಸಬೇಕು. ಸಂಗ್ರಹಾಲಯಗಳಲ್ಲಿ ಈಗಾಗಲೇ ಇರುವ ವಸ್ತುಗಳ ಹಿಡಿಗಳನ್ನು ಪರೀಕ್ಷಿಸಿದರೂ ಬಹಳ ತಿಳಿಯುತ್ತದೆ. ಬೀಸುವ ಕಲ್ಲಿನ ಗೂಟ, ಒನಕೆಯ ನಡು ಯಾವ ಎತ್ತರದಲ್ಲಿ ಎಷ್ಟು ಸವೆದಿವೆ ಎಂಬುದು ಅವುಗಳನ್ನು ಬಳಸಿದ ಕೈಗಳು ಬಿಟ್ಟುಹೋದ ದಾಖಲೆ. ಬೀಸುವ ಕಲ್ಲಿನೊಂದಿಗೆ, ಕೂರಿಗೆಯೊಂದಿಗೆ ದುಡಿದ ಕೊನೆಯ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವರ ಹಾಡುಗಳನ್ನು ಕೇಳಿಕೊಂಡ ನಾವು ಅವರ ಸೊಂಟದ ಬಗೆಗೂ ಕೇಳುವ ಕೆಲಸ ಬಾಕಿಯಿದೆ.